ಒಬ್ಬರೇ ಬಿಚ್ಚಲಾಗದ ಗಂಟು

ಗ್ವಾಂಗ್‌ಶು ಚಕ್ರವರ್ತಿಗಳ ಮೂವತ್ತನಾಲ್ಕನೇ ವರ್ಷ, ಮೂರನೇ ತಿಂಗಳು, ಹನ್ನೊಂದು

ಗಂಜಿಯ ಬಟ್ಟಲು ಕೆಳಗಿಡುವ ಮೊದಲೇ ಗವರ್ನರ್ ಗೆಂಗ್ ಅವರಿಂದ ಕರೆ ಬಂತು. ಹೋದೆ. ಮೇಜಿನ ಮೇಲೆ ರಾಜಧಾನಿಯ ತಂತಿ, ಪಕ್ಕದಲ್ಲಿ ಕಲ್ಲಂಗಡಿ ಬೀಜದ ಸಿಪ್ಪೆಯ ರಾಶಿ. ರಾಶಿ ದೊಡ್ಡದಾಗಿದ್ದರೆ ಚಿಂತೆಯೂ ದೊಡ್ಡದು.

"ಮೇಷ್ಟ್ರೇ, ನನ್ನ ಅಭಿಪ್ರಾಯ ಏನು?" ಎಂದು ಕೇಳಿದರು.

"ಯಾವುದರ ಬಗ್ಗೆ ಸ್ವಾಮಿ?"

"ಸಂವಿಧಾನದ ಬಗ್ಗೆ. ಚಕ್ರವರ್ತಿಗಳು ಸಂವಿಧಾನ ಇಟ್ಕೊಂಡು ಆಳೋದು ಹೇಗೆ, ಪ್ರಜಾಸಭೆ ಎಷ್ಟು ವರ್ಷಕ್ಕೆ ತೆರೀಬಹುದು, ಎಲ್ಲಾ ಪ್ರಾಂತ್ಯದ ಗವರ್ನರುಗಳೂ ಹೇಳ್ಬೇಕಂತೆ. ಒಂದು ತಿಂಗಳು ಗಡುವು. ನನ್ನ ಅಭಿಪ್ರಾಯ ಬೇಗ ಬರೆದುಕೊಡಿ, ನಾನೂ ಓದ್ಬೇಕು."

ನಾನು ನಗಲಿಲ್ಲ. ಮೂವತ್ತೊಂದು ವರ್ಷದಿಂದ ನಗದೆ ಇರುವುದೇ ನನ್ನ ಕಸುಬು. ನಮ್ಮ ಶಾವೊಶಿಂಗ್ ಊರಿನ ಓದಿದ ಗಂಡಸರು ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು, ದೇಶದ ತುಂಬ ಅಧಿಕಾರಿಗಳ ಕಾಗದಪತ್ರ ಬರೆದುಕೊಂಡು ಬದುಕುತ್ತಾರೆ. ಈ ಪಟ್ಟಣದಲ್ಲೇ ನನಗೆ ಇಪ್ಪತ್ತು ವರ್ಷವಾಯಿತು, ಗೆಂಗ್ ಮೂರನೆಯ ಗವರ್ನರು. ಬರೆಯುವುದು ನಾವು, ಮುದ್ರೆ ಒತ್ತುವುದು ಅವರು. ಬರೆದವನ ಹೆಸರು ಎಲ್ಲೂ ಇರುವುದಿಲ್ಲ, ಇರಕೂಡದು. ಹೊಗಳಿಕೆ ಅವರಿಗೆ ಹೋಗುತ್ತದೆ ಎಂದು ಕೆಲವರು ಕೊರಗುತ್ತಾರೆ. ತಲೆ ಹೋಗುವುದಾದರೂ ಅವರದೇ ಎಂಬುದನ್ನು ಮರೆಯುತ್ತಾರೆ.

ಆದರೂ ಈ ಸಲ ಜೋಪಾನವಾಗಿರಬೇಕು. ಅಭಿಪ್ರಾಯ ತಪ್ಪಿದರೆ ಅವರ ಅಧಿಕಾರದ ಟೋಪಿ ಹೋಗುತ್ತದೆ. ಅವರ ಟೋಪಿಯ ಹಿಂದೆಯೇ ನನ್ನ ಅನ್ನವೂ ಹೋಗುತ್ತದೆ.

ಮೂರನೇ ತಿಂಗಳು, ಹದಿನಾಲ್ಕು

ಸಂವಿಧಾನ ಎಂದರೆ ಏನೆಂದು ನನಗೂ ಸರಿಯಾಗಿ ಗೊತ್ತಿಲ್ಲ. ಇದನ್ನು ಇಲ್ಲಿ ಬಿಟ್ಟು ಇನ್ನೆಲ್ಲೂ ಹೇಳುವಂತಿಲ್ಲ. ಜಿಜೌನನ್ನು ಚಹಾಕ್ಕೆ ಕರೆದೆ.

ಟೋಂಗ್ ಜಿಜೌ ನನ್ನ ಶಿಷ್ಯ. ಕಚೇರಿಗೆ ಕಾಗದ ಒದಗಿಸುವ ಅಂಗಡಿಯವಳ ತಮ್ಮ. ನನ್ನ ಮಗ ಊರಲ್ಲಿ ಸಿಡುಬಿನಿಂದ ತೀರಿಕೊಂಡ ವರ್ಷವೇ ಅವನು ಅಕ್ಷರ ಕಲಿಯಲು ನನ್ನ ಬಳಿ ಬಂದ, ಆಗ ಅವನಿಗೆ ಏಳು. ಈಗ ಇಪ್ಪತ್ತಾರು. ಜಪಾನಿಗೆ ಹೋಗಿ ಎರಡು ವರ್ಷ ಕಾನೂನು ಓದಿ ಬಂದಿದ್ದಾನೆ, ಇಲ್ಲಿನ ಕಾನೂನು ಶಾಲೆಯಲ್ಲಿ ಪಾಠ ಹೇಳುತ್ತಾನೆ. ಅವನ ವಿದ್ಯಾರ್ಥಿಗಳೆಲ್ಲ ನಲವತ್ತು ದಾಟಿದ ಅಧಿಕಾರಿಗಳು, ಊಟವಾದ ಮೇಲೆ ನಿದ್ದೆ ಮಾಡಲು ತರಗತಿಗೆ ಬರುತ್ತಾರೆ. ಜಡೆಯಿಲ್ಲದ ಗಂಡಸನ್ನು ಇಲ್ಲಿ ದ್ರೋಹಿ ಎನ್ನುತ್ತಾರೆ, ಜಪಾನಿನಲ್ಲಿ ಅದನ್ನು ಕತ್ತರಿಸಿಕೊಂಡದ್ದರಿಂದ ಟೋಪಿಗೆ ಸುಳ್ಳು ಜಡೆ ಹೊಲಿಸಿಕೊಂಡಿದ್ದಾನೆ. ಪತ್ರ ಬರೆದರೆ ಮೇಲೆ ೧೯೦೮ ಎಂದು ಪರದೇಶಿ ವರ್ಷ ಹಾಕುತ್ತಾನೆ. ಯಾವ ಚಕ್ರವರ್ತಿಯೂ ಅಷ್ಟು ವರ್ಷ ಆಳಿಲ್ಲ ಕಣೋ ಎಂದು ಬೈದಿದ್ದೇನೆ.

"ಗುರುಗಳೇ, ಸಂವಿಧಾನ ಅಂದ್ರೆ ಏನೂಂತ ಗವರ್ನರಿಗೆ ಗೊತ್ತಾ?" ಎಂದ.

"ಗೊತ್ತಿಲ್ಲದೆ ಏನು? ಜಪಾನು ರಷ್ಯಾನ ಹೊಡೆದದ್ದು ಅದರಿಂದಲೇ ಅಂತ ಗೊತ್ತು."

"ಓ, ಫಿರಂಗಿ ಥರ."

"ಫಿರಂಗಿಗಿಂತ ಅಗ್ಗ. ಅದಕ್ಕೇ ಅವರಿಗೆ ಇಷ್ಟ."

ಅವನು ನಕ್ಕು ಚಹಾ ಚೆಲ್ಲಿಕೊಂಡ. ಆಮೇಲೆ ಹೇಳಿದ: "ಅಕ್ಕನ ಅಂಗಡೀಲಿ ಕಾಗದದ ದೊಡ್ಡ ಕಟ್ಟು ಕಟ್ಟೋದು ನೋಡಿದೀರಲ್ಲ? ಈ ಕಡೆ ಒಬ್ಬ, ಆ ಕಡೆ ಒಬ್ಬ, ಹಗ್ಗ ಎಳೆದು ಗಂಟು ಹಾಕ್ತಾರೆ. ಒಬ್ಬನೇ ಬಿಚ್ಚೋಕೆ ಹೋದ್ರೆ ಬರಲ್ಲ, ಇಬ್ಬರೂ ಬೇಕು. ಈಗ ಇರೋದು ಹಾಗಲ್ಲ. ಕಾನೂನು ಹಾಕೋದೂ ಒಬ್ಬರೇ, ಬೇಡ ಅನಿಸಿದ್ರೆ ಬಿಚ್ಚೋದೂ ಅವರೇ. ದೊರೆಯೂ ಪ್ರಜೆಯೂ ಕೂಡಿ ಹಾಕಿದ ಗಂಟನ್ನ ಒಬ್ಬರೇ ಬಿಚ್ಚಲಾಗದು. ಸಂವಿಧಾನ ಅಂದ್ರೆ ಇಷ್ಟೇ ಗುರುಗಳೇ."

"ಇದರಿಂದ ದೊರೆಗೆ ಏನು ಲಾಭ?"

"ಕಟ್ಟು ಉದುರಲ್ಲ. ಸಿಂಹಾಸನ ಅಲುಗಲ್ಲ."

ಅವನು ಹೋದ ಮೇಲೆ ಆ ಎರಡು ಮಾತನ್ನೂ ಜೋಡಿಸಿ ಬರೆದುಕೊಂಡೆ: 'ದೊರೆಯೂ ಪ್ರಜೆಯೂ ಕೂಡಿ ಹಾಕಿದ ಗಂಟನ್ನು ಒಬ್ಬರೇ ಬಿಚ್ಚಲಾಗದು; ಆದುದರಿಂದಲೇ ಸಿಂಹಾಸನ ಅಲುಗದು.' ಚೆನ್ನಾಗಿದೆ. ನಾನೇ ಬರೆದಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಮೂರನೇ ತಿಂಗಳು, ಇಪ್ಪತ್ತೆರಡು

ಕರಡನ್ನು ಗವರ್ನರಿಗೆ ಓದಿ ಹೇಳಿದೆ. ಆರು ಹಾಳೆ. ಸಿಂಹಾಸನ ಅಲುಗದು ಎಂಬಲ್ಲಿ ಭೇಷ್ ಎಂದು ತೊಡೆ ತಟ್ಟಿದರು. ಐದನೇ ಹಾಳೆಯಲ್ಲಿ ಅಧಿಕಾರಿಗಳು ಪ್ರಜಾಸಭೆಯ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ ಎಂದಿದೆ. ಅಲ್ಲಿ ಸುಮ್ಮನೆ ತಲೆಯಾಡಿಸಿದರು, ಬೀಜ ಸುಲಿಯುವುದು ನಿಲ್ಲಲಿಲ್ಲ.

ತೊಡಕಾದದ್ದು ವರ್ಷದ ಲೆಕ್ಕದಲ್ಲಿ.

"ಬೇಗ ಅಂದ್ರೆ ಕ್ರಾಂತಿಕಾರಿ ಅಂತಾರೆ. ತಡ ಅಂದ್ರೆ ಹಳೇ ಮುದುಕ ಅಂತಾರೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು ಮೇಷ್ಟ್ರೇ. ಪಕ್ಕದ ಪ್ರಾಂತ್ಯದವರು ಎಷ್ಟು ಹೇಳಿದಾರಂತೆ?"

"ಬಡಗಣದವರು ಹತ್ತು ವರ್ಷ, ತೆಂಕಣದವರು ಏಳು."

"ಹಾಗಾದ್ರೆ ಎಂಟೂವರೆ ಅನ್ನಿ."

ಎಂಟು ಎಂದು ಬರೆದೆ.

ಮೂರನೇ ತಿಂಗಳು, ಇಪ್ಪತ್ತಾರು

ಇವತ್ತು ಒಂದು ವಿಚಿತ್ರ ತಕರಾರು. ಚಕ್ರವರ್ತಿಗೆ ಹೋಗುವ ಬಿನ್ನಹದ ಶುದ್ಧ ಪ್ರತಿ ಬರೆಯುವವರು ಮುದುಕ ಮಾ. ಮೇಲಿಂದ ಕೆಳಗೆ ಬರೆಯುತ್ತ ಹೋಗುವಾಗ ಚಕ್ರವರ್ತಿಯ ಮಾತು ಬಂದರೆ ಅಲ್ಲಿಗೇ ಸಾಲು ಮುರಿದು, ಮುಂದಿನ ಸಾಲನ್ನು ಉಳಿದವುಗಳಿಗಿಂತ ಎರಡು ಮೆಟ್ಟಿಲು ಮೇಲಿನಿಂದ ತೊಡಗಬೇಕು. ಆಕಾಶ, ಚಕ್ರವರ್ತಿಯ ಪೂರ್ವಿಕರು ಬಂದರೆ ಮೂರು ಮೆಟ್ಟಿಲು. ಅರಮನೆ, ಅರಮನೆಯ ಉಗ್ರಾಣ ಇಂಥವಕ್ಕೆ ಒಂದು. ಮಾ ನಲವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿದವರಲ್ಲ. ಇವತ್ತು ಕುಂಚ ಹಿಡಿದುಕೊಂಡೇ ನನ್ನ ಕೋಣೆಗೆ ಬಂದರು.

"ಮೇಷ್ಟ್ರೇ, ಈ ಸಂವಿಧಾನಕ್ಕೆ ಎಷ್ಟು ಮೆಟ್ಟಿಲು?"

ನಾನು ಯೋಚಿಸಿರಲೇ ಇಲ್ಲ. ಇಬ್ಬರೂ ಗವರ್ನರ ಬಳಿ ಹೋದೆವು.

"ಮೆಟ್ಟಿಲೇ ಹಾಕದೆ ಬಿಟ್ರೆ?" ಎಂದರು ಗೆಂಗ್.

"ಚಕ್ರವರ್ತಿಗಳು ದಯಪಾಲಿಸೋ ವಸ್ತು ಸ್ವಾಮಿ, ಮೂಲಂಗಿ ಹೆಸರಿನ ಥರ ಬರೆದ್ರೆ ಅವಮರ್ಯಾದೆ," ಎಂದರು ಮಾ.

"ಎರಡು ಹಾಕಿ ಹಾಗಾದ್ರೆ."

"ಎರಡು ಹಾಕಿದ್ರೆ ಚಕ್ರವರ್ತಿಗಳ ಸಮಸಮಕ್ಕೆ ಬಂತು. ಮೇಷ್ಟ್ರು ಮೂರನೇ ಹಾಳೇಲಿ ಬರೆದಿದಾರೆ, ಚಕ್ರವರ್ತಿಗಳೂ ಅದಕ್ಕೆ ಬದ್ಧರು ಅಂತ. ಬದ್ಧರು ಅಂದ್ಮೇಲೆ ಅದು ಅವರಿಗಿಂತ ಮೇಲೆ. ಮೂರಾಗುತ್ತೆ."

ಮಾ ಕಾನೂನು ಓದಿದವರಲ್ಲ. ಆದರೂ ಜಪಾನಿಗೆ ಹೋಗಿ ಬಂದವರು ಹೇಳುವುದನ್ನೇ ಹೇಳಿದರು. ಗವರ್ನರ ಹಣೆಯಲ್ಲಿ ಬೆವರು ಒಡೆಯಿತು. ಕಡೆಗೆ ಅಪ್ಪಣೆ ಕೊಡಿಸಿದರು: "ಒಂದು. ಅರಮನೆ ಉಗ್ರಾಣಕ್ಕೆ ಎಷ್ಟೋ ಅಷ್ಟೇ. ಅದೂ ಅರಮನೆ ಸಾಮಾನೇ ತಾನೆ?"

ಎಲ್ಲರಿಗೂ ಸಮಾಧಾನವಾಯಿತು. ನನಗೂ.

ನಾಲ್ಕನೇ ತಿಂಗಳು, ಇಪ್ಪತ್ತೇಳು

ಬಿನ್ನಹ ರಾಜಧಾನಿಯಿಂದ ಮರಳಿ ಬಂತು. ಕೊನೆಯಲ್ಲಿ ಚಕ್ರವರ್ತಿಗಳ ಕೆಂಪು ಶಾಯಿಯಲ್ಲಿ, 'ತಿಳಿಯಿತು. ಹೇಳಿರುವುದು ಸೂಕ್ತ.' ಅಷ್ಟೇ ಅಲ್ಲ, ಗಂಟಿನ ವಾಕ್ಯದ ಪಕ್ಕದಲ್ಲಿ ಅಕ್ಷರಕ್ಕೊಂದರಂತೆ ಕೆಂಪು ಸೊನ್ನೆಗಳು. ಮೆಚ್ಚಿದ ಮಾತಿಗೆ ಮಾತ್ರ ಹಾಗೆ ಹಾಕುತ್ತಾರೆ. ನನ್ನ ಕಸುಬಿನಲ್ಲಿ ಇಂಥದು ಎರಡನೇ ಸಲ ನೋಡುತ್ತಿರುವುದು.

ಗವರ್ನರು ಊಟ ಹಾಕಿಸಿದರು. ಮೀನು ಬಹಳ ಚೆನ್ನಾಗಿತ್ತು. ಸಿಂಹಾಸನ ಅಲುಗದು ಎಂಬ ಮಾತು ತಮಗೆ ಕೊಳದ ದಂಡೆಯಲ್ಲಿ ಅಡ್ಡಾಡುವಾಗ ಹೊಳೆಯಿತೆಂದು ಅತಿಥಿಗಳಿಗೆ ಹೇಳಿದರು. ಹೇಳುತ್ತ ಹೇಳುತ್ತ ಅವರೇ ನಂಬಿದರು, ಅದೇನೂ ಹೊಸದಲ್ಲ.

ಸಂಜೆ ಜಿಜೌಗೆ ತಿಳಿಸಿದೆ. ತಿಳಿಸಬಾರದಿತ್ತೋ ಏನೋ. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಟೋಪಿ ತೆಗೆದು ಮೇಜಿನ ಮೇಲಿಟ್ಟ, ಜಡೆಯೂ ಅದರ ಜೊತೆ ಹೋಯಿತು.

"ಚಕ್ರವರ್ತಿಗಳೇ ಒಪ್ಪಿದಾರೆ ಅಂದ್ಮೇಲೆ ಅದನ್ನ ಎಲ್ಲರಿಗೂ ಹೇಳಬಹುದಲ್ಲ ಗುರುಗಳೇ?"

"ಬೇಡ."

"ಯಾಕೆ?"

"ಅದು ಬಿನ್ನಹ. ಮೇಲಕ್ಕೆ ಹೋಗೋಕೆ ಬರೆದದ್ದು, ಕೆಳಕ್ಕೆ ಬರೋಕಲ್ಲ."

ಅವನು ಟೋಪಿ ಹಾಕಿಕೊಂಡು ಎದ್ದ. ಒಪ್ಪಿದನೆಂದುಕೊಂಡೆ.

ಐದನೇ ತಿಂಗಳು, ಆರು

ನಿನ್ನೆ ದೋಣಿ ಹಬ್ಬ. ಇವತ್ತು ಬೆಳಿಗ್ಗೆ ಜಿಜೌನನ್ನು ಹಿಡಿದರು.

ಹಬ್ಬದ ಜನಜಂಗುಳಿಯಲ್ಲಿ ಐನೂರು ಹಾಳೆ ಹಂಚಿದ್ದಾನೆ. ಎರಡು ವರ್ಷದೊಳಗೆ ಪ್ರಜಾಸಭೆ ಬೇಕು, ಒಪ್ಪುವವರು ಬಂದು ಹೆಬ್ಬೆಟ್ಟು ಒತ್ತಿ ಎಂದು. ಮೊದಲ ಸಾಲೇ ಆ ಗಂಟಿನ ವಾಕ್ಯ. ಪ್ರಾಂತ್ಯದ ನ್ಯಾಯಾಧಿಕಾರಿ ಛಿಯಾವೊ ಇಂಥದಕ್ಕೇ ಕಾಯುತ್ತಿದ್ದವರು. ರಾಜದ್ರೋಹ ಎಂದು ಪ್ರಕರಣ ದಾಖಲಿಸಿದ್ದಾರೆ. ಅದು ನಿಂತರೆ ಶಿರಚ್ಛೇದ. ರಾಜಧಾನಿಯ ಅಪ್ಪಣೆಗೂ ಕಾಯಬೇಕಿಲ್ಲ, ಗವರ್ನರ ಮುದ್ರೆ ಸಾಕು.

ಐದನೇ ತಿಂಗಳು, ಏಳು

ಛಿಯಾವೊ ಸ್ವತಃ ಬಂದು ಹಾಳೆಯನ್ನು ಗವರ್ನರ ಮುಂದೆ ಹರಡಿದರು. ನಾನು ಮೂಲೆಯಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದೆ.

"ಒಬ್ಬರೇ ಬಿಚ್ಚಲಾಗದು ಅಂತಾನೆ. ಆ ಒಬ್ಬರು ಯಾರು? ಚಕ್ರವರ್ತಿಗಳು. ಅಂದ್ರೆ ಚಕ್ರವರ್ತಿಗಳ ಕೈ ಕಟ್ಟಿಹಾಕೋ ಮಾತು ಇದು."

ಗವರ್ನರು ವಾಕ್ಯ ನೋಡಿದರು. ಎಲ್ಲೋ ಓದಿದ ಹಾಗಿದೆಯಲ್ಲ ಎಂಬ ಮುಖ ಮಾಡಿದರು. ಆಮೇಲೆ ನೆನಪಾಯಿತು, ಮುಖ ಬಿಳಿಚಿಕೊಂಡಿತು.

"ಇದು... ಇಂಥ ಮಾತು ಬೇರೆ ಕಡೆಯೂ ಬಂದಿರಬಹುದಲ್ಲ?"

"ಮಾತು ಬಿಡಿ, ಬರೆದಿರೋ ರೀತಿ ನೋಡಿ. ಮೆಟ್ಟಿಲೇ ಇಲ್ಲ. ದೊರೆ, ಪ್ರಜೆ ಎರಡೂ ಒಂದೇ ಸಾಲಲ್ಲಿ ಒಂದರ ಕೆಳಗೊಂದು, ಸಂತೇಲಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತ ಹಾಗೆ. ಇದಕ್ಕಿಂತ ದೊಡ್ಡ ದ್ರೋಹ ಬೇಕಾ?"

ಗವರ್ನರು ಉಸಿರು ಬಿಟ್ಟರು. "ಹೌದು, ಮೆಟ್ಟಿಲಿಲ್ಲ. ಅದು ಬೇರೆ, ಇದು ಬೇರೆ," ಎಂದರು. ಯಾವುದು ಬೇರೆ ಎಂದು ಛಿಯಾವೊ ಕೇಳಲಿಲ್ಲ.

ಅವರು ಹೋದ ಮೇಲೆ ಗೆಂಗ್ ನನ್ನ ಕಡೆ ನೋಡದೆ ಹೇಳಿದರು: "ವರದಿ ನೀವೇ ಬರೀರಿ ಮೇಷ್ಟ್ರೇ. ಇಪ್ಪತ್ತಕ್ಕೆ ಮುದ್ರೆ ಒತ್ತೋಣ."

ಐದನೇ ತಿಂಗಳು, ಎಂಟು

ವರದಿಯ ಮೊದಲ ಹಾಳೆ ಬರೆದೆ. ಅಕ್ಷರ ಚೆನ್ನಾಗಿ ಬಂದಿದೆ.

ಐದನೇ ತಿಂಗಳು, ಹತ್ತು

ಜಿಜೌನ ಅಕ್ಕ ಕಚೇರಿಯ ಹಿಂಬಾಗಿಲಲ್ಲಿ ನಿಂತಿದ್ದಳು. ಗಂಡ ಸತ್ತ ಮೇಲೆ ಕಾಗದದ ಅಂಗಡಿಯನ್ನು ಅವಳೇ ನಡೆಸುತ್ತಾಳೆ, ತಮ್ಮನನ್ನು ಸಾಕಿದ್ದೂ ಅವಳೇ. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

"ಮೇಷ್ಟ್ರೇ, ಒಂದು ಕೇಳ್ತೀನಿ. ಆ ಮಾತು ಅವನು ನಿಮ್ಮ ಮನೇಲಿ ಚಹಾ ಕುಡೀತಾ ಹೇಳಿದ್ದಂತೆ. ಅದೇ ಮಾತಿಗೆ ಗವರ್ನರಿಗೆ ಹೊಗಳಿಕೆ ಬಂತಂತೆ. ಹೌದಾ ಅಲ್ವಾ?"

"ಮೆಲ್ಲಗೆ ಮಾತಾಡಿ."

"ಮೆಲ್ಲಗೇ ಮಾತಾಡ್ತಿದೀನಿ, ಜೋರಾಗಿ ಮಾತಾಡಿದ್ರೆ ನಿಮ್ಗೆ ಗೊತ್ತಾಗ್ತಿತ್ತು. ಕೆಸರು ನಮ್ಮ ಕೈಗೆ, ಮೊಸರು ಗವರ್ನರ ಬಾಯಿಗೆ. ಇರ್ಲಿ, ದೊಡ್ಡವರದ್ದು ಹಾಗೇ. ನೀವು ಯಾವ ಕಡೆ ಅಂತ ತಿಳ್ಕೊಂಡು ಹೋಗೋಣ ಅಂತ ಬಂದೆ."

"ನಾನು ಯಾವ ಕಡೇನೂ ಅಲ್ಲಮ್ಮ. ನಾನು ಬರೆಯೋನು."

"ಅವನ ವರದೀನೂ ನೀವೇ ಬರೀತಿದೀರಂತೆ. ನಾನೇ ಮಾರಿದ ಕಾಗದದ ಮೇಲೆ."

ಹೀಗೆ ಹೇಳಿ ಹೋದಳು. ಹೆಣ್ಣುಮಕ್ಕಳಿಗೆ ಕಚೇರಿಯ ರೀತಿ ತಿಳಿಯುವುದಿಲ್ಲ. ಮಧ್ಯಾಹ್ನ ಊಟ ಸೇರಲಿಲ್ಲ, ಅನ್ನ ಗಟ್ಟಿಯಾಗಿತ್ತು.

ಐದನೇ ತಿಂಗಳು, ಹದಿಮೂರು

ನನಗೆ ಒಂದು ದಾರಿ ಹೊಳೆಯಿತು. ಹಾಳೆಯ ಮಾತು ತನ್ನದಲ್ಲ, ಗವರ್ನರ ಬಿನ್ನಹದಿಂದ ಕದ್ದು ನಕಲು ಮಾಡಿದೆ ಎಂದು ಜಿಜೌ ಬರೆದುಕೊಟ್ಟರೆ ದ್ರೋಹ ಹೋಗಿ ಕಳ್ಳತನವಾಗುತ್ತದೆ. ಅರವತ್ತು ಛಡಿ ಏಟು, ಎರಡು ವರ್ಷ ಗಡಿಪಾರು. ತಲೆ ಉಳಿಯುತ್ತದೆ. ಗವರ್ನರಿಗೆ ಬಾಯಿಮಾತಿನಲ್ಲಿ ತಿಳಿಸಿದೆ, ಅವರೂ ಒಲ್ಲೆ ಎನ್ನಲಿಲ್ಲ. ಅವನ ಪರವಾಗಿ ತಪ್ಪೊಪ್ಪಿಗೆಯನ್ನು ನಾನೇ ಬರೆದುಕೊಂಡು ಸೆರೆಮನೆಗೆ ಹೋದೆ.

ಸುಳ್ಳು ಜಡೆ ಕಿತ್ತುಕೊಂಡಿದ್ದಾರೆ. ಕಾಲಿಗೆ ಕೋಳ. ಚಿಕ್ಕವನಾಗಿದ್ದಾಗ ಬರೆಯುವುದು ತಪ್ಪಿದರೆ ಕೂರುತ್ತಿದ್ದ ಹಾಗೇ ಮಂಡಿ ಅಪ್ಪಿಕೊಂಡು ಕೂತಿದ್ದ. ಕಾಗದ ಓದಿ ಮುಗಿಸಿ ಮಡಚಿ ಹಿಂದಕ್ಕೆ ಕೊಟ್ಟ.

"ಬಹಳ ಚೆನ್ನಾಗಿ ಬರೆದಿದೀರ ಗುರುಗಳೇ. ಓದಿದ್ರೆ ನನಗೇ ನಾನು ಕಳ್ಳ ಅನಿಸುತ್ತೆ."

"ರುಜು ಹಾಕು."

"ನನ್ನ ಮಾತು ನನ್ನದಲ್ಲ ಅಂತ ನಾನೇ ಬರೆದುಕೊಡ್ಲಾ?"

"ಮಾತು ಯಾರದಾದ್ರೆ ಏನೋ? ಮೂವತ್ತೊಂದು ವರ್ಷ ನಾನು ಬರೆದದ್ದು ಒಂದಾದ್ರೂ ನನ್ನದು ಅಂತ ಇದೆಯಾ? ಹೊಟ್ಟೆ ತುಂಬಿದೆ, ತಲೆ ಉಳಿದಿದೆ."

"ಅದಕ್ಕೇ ಗುರುಗಳೇ," ಎಂದು ಅವನು ಮೆಲ್ಲಗೆ ಹೇಳಿದ, "ಈ ದೇಶದಲ್ಲಿ ಏನೇ ಕೆಟ್ಟರೂ ಯಾರು ಮಾಡಿದ್ದು ಅಂತ ಗೊತ್ತೇ ಆಗಲ್ಲ. ಬರೆದವನು ಮುದ್ರೆ ತೋರಿಸ್ತಾನೆ, ಮುದ್ರೆಯವನು ಮೇಲಕ್ಕೆ ಕೈ ತೋರಿಸ್ತಾನೆ. ನನಗೆ ಸಾಯೋಕೆ ಭಯ ಇದೆ, ಇಲ್ಲ ಅನ್ನಲ್ಲ. ಆದ್ರೂ ಇದು ಬೇಡ."

ನನಗೆ ಕೋಪ ಬರಲಿಲ್ಲ. ಮನೆಗೆ ಬಂದ ಮೇಲೆ ಬಂತು. ಏಳು ವರ್ಷದವನಿದ್ದಾಗ ಎರಡು ಬಾರಿಸಿ ಕಲಿಸಬೇಕಾಗಿದ್ದನ್ನು ಕಲಿಸಲಿಲ್ಲ. ಅವನ ಮೇಲೆ ನನಗೆ ಪ್ರೀತಿ ಇದೆ. ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಐದನೇ ತಿಂಗಳು, ಹದಿನೈದು

ವರದಿ ಮುಂದುವರಿದಿಲ್ಲ. ಶಾಯಿ ಸರಿಯಿಲ್ಲ.

ಐದನೇ ತಿಂಗಳು, ಹದಿನೆಂಟು

ಮಾ ಬಂದು ವರದಿಯ ಕರಡು ಕೇಳಿದರು. ಶುದ್ಧ ಪ್ರತಿಗೆ ಒಂದು ದಿನವಾದರೂ ಬೇಕಲ್ಲ ಎಂದರು. ನಾಳೆ ಕೊಡುತ್ತೇನೆ ಎಂದೆ. ಬಾಗಿಲ ಬಳಿ ನಿಂತು, "ಮೇಷ್ಟ್ರೇ, ಆ ಹುಡುಗ ಚಿಕ್ಕವನಿದ್ದಾಗ ನನ್ನ ಕುಂಚ ಕದೀತಿದ್ದ, ಕೇಳಿದ್ರೆ ಹೌದು ನಾನೇ ಅಂತಿದ್ದ. ಸುಳ್ಳು ಹೇಳೋದು ಅವನಿಗೆ ಯಾವತ್ತೂ ಬರ್ಲಿಲ್ಲ," ಎಂದು ಹೇಳಿ ಹೋದರು.

ಈ ಕಚೇರಿಯಲ್ಲಿ ಎಲ್ಲರಿಗೂ ಅವನ ವಿಷಯ ನನಗೆ ಹೇಳುವುದೇ ಕೆಲಸವಾಗಿದೆ.

ಐದನೇ ತಿಂಗಳು, ಹತ್ತೊಂಬತ್ತು

ಇವತ್ತು ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ವರದಿಗೆ ಕುಳಿತೆ. ವರದಿಗೆ ಬದಲಾಗಿ ಇದು ಬಂತು: 'ಈ ವಾಕ್ಯವನ್ನು ಹೇಳಿದವನು ಟೋಂಗ್ ಜಿಜೌ. ಬಿನ್ನಹಕ್ಕೆ ಅದನ್ನು ಸೇರಿಸಿದವನು ನಾನು. ಮುದ್ರೆ ಒತ್ತಿದವರು ಗವರ್ನರ್ ಗೆಂಗ್. ಪಕ್ಕದಲ್ಲಿ ಕೆಂಪು ಸೊನ್ನೆ ಹಾಕಿ ಮೆಚ್ಚಿದವರು ಚಕ್ರವರ್ತಿಗಳು. ಇದು ಅಪರಾಧವಾದರೆ ಅಪರಾಧಿಗಳು ಯಾರು ಯಾರೆಂದು ಕಾನೂನು ಹೇಳಬೇಕು.' ಕಡೆಯಲ್ಲಿ ಶಾವೊಶಿಂಗ್ ಊರಿನ ರುವಾನ್ ಷಿಟಿಂಗ್ ಎಂದು ಹಾಕಿದೆ. ಹಾಕಿ ನೋಡಿದರೆ ಬೇರೆ ಯಾರದೋ ಹೆಸರಿನಂತೆ ಕಂಡಿತು. ಕಾಗದದ ಕೆಳಗೆ ಅದನ್ನು ನಾನು ನೋಡಿದ್ದು ಅದೇ ಮೊದಲು. ಕೊನೆಯ ಗೆರೆ ಸೊಟ್ಟಗಾಗಿದೆ.

ಗವರ್ನರು ವರದಿಯೆಂದುಕೊಂಡು ತೆಗೆದುಕೊಂಡರು. ಒಂದು ಬೀಜ ಸುಲಿದರು, ಬಾಯಿಗೆ ಹಾಕಿಕೊಳ್ಳಲಿಲ್ಲ. ಎರಡು ಸಲ ಓದಿದರು.

"ಇದಕ್ಕೆ ಎಷ್ಟು ಪ್ರತಿ ಮಾಡಿದೀರ?"

"ಎರಡು ಸ್ವಾಮಿ."

"ಇನ್ನೊಂದು ಎಲ್ಲಿ?"

"ಕಾಗದದ ಅಂಗಡೀಲಿ. ನಾಳೆ ವರದಿಗೆ ಮುದ್ರೆ ಬಿದ್ರೆ ಅದು ಶಾಂಘೈ ಪತ್ರಿಕೆಗೆ ಹೋಗುತ್ತೆ."

"ನನ್ನನ್ನ ಹೆದರಿಸ್ತಿದೀರಾ ಮೇಷ್ಟ್ರೇ?"

"ಇಲ್ಲ ಸ್ವಾಮಿ, ತಿಳಿಸ್ತಿದೀನಿ."

"ನಿಮ್ಮ ತಲೇನೂ ಹೋಗುತ್ತೆ."

"ಗೊತ್ತು. ಸಾಲಲ್ಲಿ ನಿಂತ್ಕೋತೀನಿ. ಸಾಲು ಸಣ್ಣದೇನಲ್ಲ."

ಇದನ್ನೆಲ್ಲ ನಾನು ಹೇಳಿದೆನೇ ಎಂದು ಈಗ ಬರೆಯುವಾಗ ಸಂಶಯವಾಗುತ್ತಿದೆ. ಹೇಳಿದ್ದು ನಿಜ. ಹವಾಮಾನದ ವಿಷಯ ಹೇಳುವ ಧ್ವನಿಯಲ್ಲೇ ಹೇಳಿದೆ.

ಗೆಂಗ್ ಕೂಗಾಡಲಿಲ್ಲ. ಅವರು ಕೆಟ್ಟವರಲ್ಲ, ಹೆದರಿದವರು. ಕಿಟಕಿಯ ಬಳಿ ಹೋಗಿ ನಿಂತರು. ಅವರ ಜಾಗದಲ್ಲಿ ಛಿಯಾವೊ ಇದ್ದಿದ್ದರೆ ಎಂದೂ ಕೇಳದ ಪ್ರಶ್ನೆ ಕೇಳಿದರು.

"ಈ ಸಂವಿಧಾನ ಬಂದ್ರೆ, ಯಾವನು ಬೇಕಾದ್ರೂ ಹೀಗೆ ಹೆಸರು ಹಾಕಿ ಕಾಗದ ತಂದು ನನ್ನ ಮುಂದೆ ಇಡಬಹ್ದಾ?"

"ಇಡಬಹುದು ಸ್ವಾಮಿ."

"ನಾನು ಉತ್ತರ ಕೊಡ್ಬೇಕಾ?"

"ಕೊಡ್ಬೇಕು."

"ಅದನ್ನ ನನ್ನ ಬಿನ್ನಹದಲ್ಲಿ ಬರೆದಿದ್ರಾ?"

"ಬರೆದಿತ್ತು. ಐದನೇ ಹಾಳೆ. ತಮಗೆ ಓದಿ ಹೇಳಿದ್ದೆ."

"ಕೇಳಿದ್ದೆ, ಕೇಳಿದ್ದೆ," ಎಂದರು ಗವರ್ನರು. "ಅದು ಬೇರೆಯವರಿಗೆ ಅಂದ್ಕೊಂಡಿದ್ದೆ." ಆಮೇಲೆ ಮಗುವಿನ ಹಾಗೆ ನನ್ನ ಕಡೆ ತಿರುಗಿ, "ಎಂಟು ವರ್ಷ ಆದ್ಮೇಲೆ ಅಂತಲ್ವಾ ಹೇಳಿದ್ದು ನಾವು?" ಎಂದರು.

ಅವರ ಮೇಲೆ ಕನಿಕರವಾಯಿತು. ನನ್ನ ಕಾಗದವನ್ನು ಅವರೇ ದೀಪ ಹಚ್ಚಿಸಿ ಸುಟ್ಟರು, ಬೂದಿಯನ್ನು ಚಹಾದ ಬಟ್ಟಲಲ್ಲಿ ಕಲಸಿದರು.

ಐದನೇ ತಿಂಗಳು, ಇಪ್ಪತ್ತೊಂದು

ಪ್ರಕರಣ ಮುಗಿಯಿತು. 'ಹಾಳೆಯ ಮಾತು ದೋಷವಿಲ್ಲದ್ದು. ಮುದ್ರಣದಲ್ಲಿ ಮರ್ಯಾದೆಯ ಕ್ರಮ ತಪ್ಪಿದೆ. ಯುವಕನ ಅಜ್ಞಾನವನ್ನು ಕ್ಷಮಿಸಿ ಬಿಡುಗಡೆ.' ಕಾನೂನು ಶಾಲೆಯ ಕೆಲಸ ಹೋಯಿತು, ಉಳಿದ ಹಾಳೆಗಳನ್ನು ಸುಡಬೇಕು, ಅಕ್ಕ ಜಾಮೀನು. ಛಿಯಾವೊ ಎರಡು ದಿನದಿಂದ ಗವರ್ನರೊಡನೆ ಮಾತು ಬಿಟ್ಟಿದ್ದಾರಂತೆ. ಆದೇಶ ಬರೆದದ್ದು ಗೆಂಗ್ ಅವರೇ. ವಾಕ್ಯರಚನೆ ಅಷ್ಟಕ್ಕಷ್ಟೇ. ತಿದ್ದಿಕೊಡಿ ಎಂದು ಅವರು ಕೇಳಲಿಲ್ಲ, ತಿದ್ದಲೇ ಎಂದು ನಾನೂ ಕೇಳಲಿಲ್ಲ.

ಸೆರೆಮನೆಯ ಬಾಗಿಲಲ್ಲಿ ಇನ್ನೊಂದು ತಮಾಷೆ. ಆದೇಶವನ್ನು ಓದಿದ ಜಿಜೌ, "ಅಜ್ಞಾನ ಅಂತ ಬರೆದಿದಾರೆ. ಕ್ಷಮೆ ಅಂತ ಬೇರೆ. ನಾನು ಬರಲ್ಲ," ಎಂದು ಹೊಸಿಲಲ್ಲೇ ನಿಂತ. ಅಕ್ಕ ಅವನ ಕಿವಿ ಹಿಡಿದು ಬೀದಿಯ ಕೊನೆಯವರೆಗೂ ಎಳೆದುಕೊಂಡು ಹೋದಳು. ಕಾವಲುಗಾರರು ನಕ್ಕರು. ನಾನೂ ನಕ್ಕೆ, ಗಟ್ಟಿಯಾಗಿ.

ಐದನೇ ತಿಂಗಳು, ಇಪ್ಪತ್ತಾರು

ನನಗೆ ಕಣ್ಣು ಮಂಜಾಗಿದೆಯಂತೆ. ವಿಶ್ರಾಂತಿ ಬೇಕಂತೆ. ಹಾಗೆಂದು ಗವರ್ನರು ಪತ್ರ ಕೊಟ್ಟು, ಜೊತೆಗೆ ಉಪ್ಪು ಹಚ್ಚಿ ಒಣಗಿಸಿದ ಒಂದು ಹಂದಿತೊಡೆ, ಒಂದು ಜಾಡಿ ಮದ್ಯ ಕಳಿಸಿದ್ದಾರೆ. ನನ್ನ ಜಾಗಕ್ಕೆ ಬರುವವನೂ ಶಾವೊಶಿಂಗ್‌ನವನೇ, ದೂರದ ಸಂಬಂಧಿ. ನಾಳೆ ಬೆಳಿಗ್ಗೆ ನನ್ನ ದೋಣಿ. ಹೆಂಡತಿಗೆ ಏನು ಹೇಳಬೇಕೋ ತಿಳಿಯದು. ಮೂವತ್ತೊಂದು ವರ್ಷದಲ್ಲಿ ವರ್ಷಕ್ಕೊಮ್ಮೆ ನೋಡಿದ ಹೆಂಗಸಿನೊಡನೆ ದಿನವೂ ಊಟ ಮಾಡಬೇಕು.

ಒಂದು ಕೆಲಸ ಬಾಕಿ ಇತ್ತು. ಗವರ್ನರಿಗೆ ನಾನು ಸುಳ್ಳು ಹೇಳಿದ್ದೆ. ಎರಡನೇ ಪ್ರತಿ ಇರಲಿಲ್ಲ. ಅಂಥದೊಂದು ಮಾಡಬೇಕೆಂದು ಅಂದು ನನಗೆ ಹೊಳೆದೇ ಇರಲಿಲ್ಲ, ಪ್ರಶ್ನೆ ಕೇಳಿದಾಗ ಬಾಯಿಗೆ ಬಂತು. ಇವತ್ತು ಮಧ್ಯಾಹ್ನ ಕುಳಿತು ಅದನ್ನು ಬರೆದೆ, ಅಕ್ಷರಕ್ಕೆ ಅಕ್ಷರ. ಬರೆಯುತ್ತಿರುವಾಗ ಮಾ ಹೆಗಲ ಮೇಲಿಂದ ನೋಡಿ, "ಮೇಷ್ಟ್ರೇ, ಚಕ್ರವರ್ತಿಗಳಿಗೆ ಮೆಟ್ಟಿಲು ಹಾಕೋದು ಮರೆತಿದೀರ," ಎಂದರು. ಮರೆತಿದ್ದೆ. ತಿದ್ದಲು ಹೊಸ ಹಾಳೆ ಬೇಕು, ಹೊತ್ತಿರಲಿಲ್ಲ. ಹಾಗೇ ಹೆಸರು ಹಾಕಿ ಅಂಗಡಿಗೆ ಒಯ್ದೆ.

ಜಿಜೌ ಒಳಗೆ ಮಲಗಿದ್ದ. ಅಕ್ಕ ಬಾಗಿಲಲ್ಲಿ ಕುಳಿತು ಕಾಗದ ಎಣಿಸುತ್ತಿದ್ದಳು. ಅವಳಿಗೆ ಓದಲು ಬರುವುದಿಲ್ಲವಾದ್ದರಿಂದ ಏನೆಂದು ನಾನೇ ಹೇಳಿದೆ.

"ಈಗ ಯಾಕೆ ಮೇಷ್ಟ್ರೇ? ತಮ್ಮ ಮನೆಗೆ ಬಂದಾಯ್ತಲ್ಲ."

"ಮುಂದಿನ ಸಲಕ್ಕೆ ಬೇಕಾಗುತ್ತೆ, ಇಟ್ಕೊಳ್ಳಿ," ಎಂದೆ.

ಯಾರಿಗೆ ಎಂದು ಅವಳು ಕೇಳಲಿಲ್ಲ. ಎದ್ದು ನಿಂತು, ಅಂಗಿಗೆ ಎರಡೂ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು.